ಒಲೆಯಿಲ್ಲದ ಕುದಿ

ಬೇಯ್ರಾ ಬಂದರಿನ ಹೆರಿಗೆ ಆಸ್ಪತ್ರೆಯ ತಾರಸಿ.
ಚಂಡಮಾರುತ ಹೋಗಿ ಹನ್ನೊಂದು ದಿನ.
ಮುರಿದ ತಾಮ್ರದ ಕೊಳವೆ ಬಾಯಿ ತೆರೆದುಕೊಂಡು
ಅಷ್ಟೂ ದಿನ ಕಡಲಗಾಳಿ ಕುಡಿದಿದೆ.

ಮಾವ ಜೆಫಾನಿಯಾಸ್ ಬೆಸುಗೆ ಹಾಕಿದ.
"ಒಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಲಿ,
ಇಲ್ಲದಿದ್ದರೆ ಕೊಳವೆಯ ಕರುಳಿಗೆ ಮಸಿ."
ಆಮೇಲೆ ಸಿಲಿಂಡರಿನ ಕೀಲಿ ತಿರುಗಿಸಿ ಒತ್ತಡ ಏರಿಸಿದ.
ಬೆಸುಗೆ ಬೆಸುಗೆಗೂ ಸೋಪಿನ ನೊರೆ ಸವರಿದೆ ನಾನು.
ಗುಳ್ಳೆ ಏಳಲಿಲ್ಲ.
ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಮುಳ್ಳು ಕದಲಿರಲಿಲ್ಲ.

"ಹಾಗಾದರೆ ಅನಿಲ ತುಂಬಿಬಿಡೋಣ," ಅಂದೆ.
ಕೆಳಗೆ ಆಪರೇಷನ್ ಕೋಣೆಯಲ್ಲಿ
ಡಾಕ್ಟರಮ್ಮನ ಬೆವರು ಒರೆಸುವುದಕ್ಕೇ ಒಬ್ಬಳು ನರ್ಸ್.
ಮಾವ ತಲೆಯಾಡಿಸಿದ.
"ಸೋರದ ಮಡಕೆಯೆಲ್ಲ ಒಣಗಿದ ಮಡಕೆ ಅಲ್ಲ, ದೆಲ್ಫೀನಾ."

ಪಂಪು ಹಚ್ಚಿದೆವು.
ಮೊದಲು ಗೊರಗೊರ, ಆಮೇಲೆ ಗುರುಗುರು,
ಆಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ ಹಾಗೆ.

ಮೇಲ್ವಿಚಾರಕಿ ದೊನಾ ಒಲಿಂಡಾ ಏಣಿ ಹತ್ತಿ ಬಂದಳು:
"ಗುಂಡಿ ಒತ್ತಿ ಚಹಾ ಕುಡಿಯುತ್ತ ಕೂರುವುದಕ್ಕೆ
ಇಷ್ಟು ಕೂಲಿಯೇ?"
ಮಾವ ಜರುಗಿ ಅವಳಿಗೂ ಜಾಗ ಮಾಡಿದ.
"ಕೂತುಕೊಳ್ಳಿ. ನೀರು ಕುದಿಯುತ್ತಿದೆ."
"ಎಲ್ಲಿ?"
"ಒಳಗೆ."
ಅವಳು ಕೊಳವೆ ಮುಟ್ಟಿ ನೋಡಿದಳು. ತಣ್ಣಗಿತ್ತು.
ಅಣಕಿಸುತ್ತಿದ್ದಾನೆ ಅಂದುಕೊಂಡು ಇಳಿದು ಹೋದಳು.

ಆದರೆ ನಿಜ.
ಪಂಪು ನೀರನ್ನು ಎಳೆಯುವುದಿಲ್ಲ.
ನೀರಿನ ತಲೆಯ ಮೇಲೆ ಕೂತ ಆಕಾಶವನ್ನು
ಎತ್ತಿ ಆಚೆ ಇಡುತ್ತದೆ, ಅಷ್ಟೆ.
ಹುಟ್ಟಿದಂದಿನಿಂದ ಹೊತ್ತದ್ದು,
ಹೊತ್ತಿದ್ದೇನೆಂದೇ ತಿಳಿಯದ್ದು;
ಅದು ಇಳಿದದ್ದೇ ತಡ
ಹನಿ ತಾನೇ ಎದ್ದು ಹೊರಡುತ್ತದೆ
ಉರಿಯ ಹಂಗಿಲ್ಲದೆ.

ಅವಸರಪಟ್ಟರೆ ಅದೇ ನೀರು
ಕುದಿಯುತ್ತ ಕುದಿಯುತ್ತಲೇ ಮಂಜುಗಡ್ಡೆಯಾಗಿ
ಮೊಣಕೈ ತಿರುವಿನಲ್ಲಿ ಕೂತುಬಿಡುತ್ತದೆ.
ನನಗೆ ಇದನ್ನು ನಂಬಲು ಎರಡು ವರ್ಷ ಹಿಡಿಯಿತು.

ಎರಡು ಸಾವಿರ ಮೈಕ್ರಾನ್. ಸಾವಿರದ ಐನೂರು.
ಮೀಟರು ಅಲ್ಲೇ ಮೊಂಡು ಹಿಡಿಯಿತು.
ಮಾವ ಪಂಪು ನಿಲ್ಲಿಸಿ ಒಣ ನೈಟ್ರೋಜನ್ ಬಿಟ್ಟ.
ಯಾರೊಂದಿಗೂ ನಂಟು ಬೆಳೆಸದ ಗಾಳಿ ಅದು.
ಮೂಲೆಮೂಲೆ ಅಲೆದು, ಸಿಕ್ಕಷ್ಟು ತೇವವನ್ನು
ಮಡಿಲಲ್ಲಿ ಕಟ್ಟಿಕೊಂಡು ಹೊರಬೀಳುತ್ತದೆ.
ಮತ್ತೆ ಪಂಪು. ಮತ್ತೆ ನೈಟ್ರೋಜನ್. ಮೂರನೆಯ ಸಲ ಪಂಪು.
ನಡುವೆ ಪಂಪಿನ ಎಣ್ಣೆ ಬದಲಿಸಿದೆ.
ಹಾಕಿದ್ದು ಜೇನಿನ ಬಣ್ಣದ್ದು,
ಹೊರಬಂದದ್ದು ಹಾಲು ಬೆರೆಸಿದ ಚಹಾ.
ಅಷ್ಟು ಕಡಲು ಒಳಗಿತ್ತು.

ಮುನ್ನೂರ ಎಂಬತ್ತಕ್ಕೆ ಕವಾಟ ಮುಚ್ಚಿದ.
ಇನ್ನು ಬರೀ ನೋಡುವುದು.
ಅಂಕಿ ಏರುತ್ತಲೇ ಹೋದರೆ ಎಲ್ಲೋ ಬಿರುಕು.
ಸಾವಿರ ದಾಟಿ ಹೋಗಿ ನಿಂತರೆ ಒಳಗಿನ್ನೂ ಪಸೆ.
ಹೊರಗಿನದು ನುಗ್ಗುವುದು ಬೇರೆ, ಒಳಗಿನದು ಆರದಿರುವುದು ಬೇರೆ.
ಮೊದಲ ಹತ್ತು ನಿಮಿಷ ಎರಡಕ್ಕೂ ಒಂದೇ ಮುಖ.

ಆ ಹತ್ತು ನಿಮಿಷ ಮಾವನ ಅಂಗಿ ಜೇಬು ನೋಡುತ್ತ ಕೂತೆ.
ಅದರಲ್ಲೊಂದು ಅರ್ಜಿ:
ಕಾಣೆಯಾದವರ ಪಟ್ಟಿಯಲ್ಲಿ ಚಿಕ್ಕಮಾವನ ಹೆಸರು
ಒಂದಕ್ಷರ ತಪ್ಪಾಗಿದೆ, ದಯವಿಟ್ಟು ತಿದ್ದಬೇಕು.
ಬೆವರಿಗೆ ನೆನೆದು ಮೆತ್ತಗಾಗಿದೆ. ಇನ್ನೂ ಕೊಟ್ಟಿಲ್ಲ.

ನಾನೂರ ಹತ್ತು.
ನಾನೂರ ಮೂವತ್ತು.
ನಾನೂರ ಮೂವತ್ತು.
"ಇಷ್ಟು ಪಸೆ ಎಲ್ಲರೊಳಗೂ ಇರುತ್ತದೆ," ಅಂದು
ಅನಿಲದ ಕೀಲಿ ತಿರುಗಿಸಿದ.

ಸಂಜೆ ಕೆಳಗಿನಿಂದ ದೊನಾ ಒಲಿಂಡಾಳ ಕೂಗು:
"ತಣ್ಣಗಾಯಿತು ಸರಿ, ಗೋಡೆಯಾಚೆ ನೀರು ತೊಟ್ಟಿಕ್ಕುತ್ತಿದೆ!
ಎರಡು ದಿನ ಒಣಗಿಸಿದ್ದು ಇದನ್ನೇ ಏನು?"
ಹೋಗಿ ನೋಡಿದೆವು.
ಸಣ್ಣ ಕೊಳವೆಯಿಂದ ಹನಿ, ಹನಿ.
ಕೋಣೆಯ ಗಾಳಿಯಿಂದ ಹಿಂಡಿದ್ದು:
ಡಾಕ್ಟರಮ್ಮನ ಬೆವರು, ಬಾಣಂತಿಯರ ಬಿಸಿಯುಸಿರು,
ಮಧ್ಯಾಹ್ನ ಹುಟ್ಟಿದ ಯಾವುದೋ ಕೂಸಿನ ಮೊದಲ ಅಳು.
ಮಾವ ಏನೂ ಹೇಳಲಿಲ್ಲ.
ಚಹಾದ ಖಾಲಿ ಡಬ್ಬಿ ತಂದು ಕೆಳಗಿಟ್ಟ.