ಮೂರನೆಯ ತಂತಿ

ಹಡರ್ಸ್‌ಫೀಲ್ಡಿನ ಈ ಏರುಬೀದಿಯಲ್ಲಿ
ಸಂಜೆ ಏಳಾಯಿತೆಂದರೆ ನನ್ನ ಲೈನು ಸಾಯುತ್ತದೆ.
ದಿನವಿಡೀ ಬಸ್ಸು ಓಡಿಸಿ ಬಂದವಳು
ಬೂಟು ಬಿಚ್ಚಿ, ಅನ್ನಕ್ಕಿಟ್ಟು,
ಟಾಸ್ಮೇನಿಯಾದ ಯಾರೋ ಮುದುಕನೊಡನೆ
(ಅವನಿಗಾಗ ಬೆಳಗಿನ ಜಾವ)
ಚದುರಂಗಕ್ಕೆ ಕೂರುತ್ತೇನೆ.
ಕುದುರೆ ಎತ್ತಿದ್ದೇನೆ, ಇನ್ನೂ ಇಟ್ಟಿಲ್ಲ,
ರೌಟರಿನ ಹಸಿರು ಕಣ್ಣು ಕೆಂಪಾಗುತ್ತದೆ.
ಕುದುರೆ ಎಲ್ಲಿ ಹೋಯಿತೋ.
ನನ್ನ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ.
ಹೀಗೆ ಹನ್ನೊಂದು ಸೋಲು,
ಒಂದಾದರೂ ಆಡಿ ಸೋತದ್ದಲ್ಲ.

ಸಹಾಯವಾಣಿಯ ಹುಡುಗ ಆರಿಸಿ ಹಚ್ಚಿ ಎಂದ.
ಮಾಡಿದೆ. ಇನ್ನೊಮ್ಮೆ ಎಂದ. ಮಾಡಿದೆ.
ಪ್ರದಕ್ಷಿಣೆಯ ಲೆಕ್ಕ ಎರಡಕ್ಕೆ ನಿಲ್ಲಬಾರದೆಂದು
ಮೂರನೆಯದನ್ನು ನಾನೇ ಹಾಕಿದೆ.
ಆಮೇಲೆ ಅವನು, ಬರೆದುಕೊಟ್ಟದ್ದನ್ನು ಬದಿಗಿಟ್ಟು,
ಸ್ವಂತ ದನಿಯಲ್ಲಿ:
‘ಮನೆಯಲ್ಲಿ ಫೋನಿನ ಸಾಕೆಟ್ಟು ಎಷ್ಟಿವೆ?’

ಕೊಂಡು ಎರಡು ವರ್ಷ, ಎಣಿಸಿರಲಿಲ್ಲ.
ಮುಂಬಾಗಿಲ ಹತ್ತಿರದ್ದು ಮೂಲ.
ಅಡುಗೆಮನೆಯಲ್ಲಿ ಒಂದು.
ಮಂಚದ ಆ ಕಡೆ, ಈ ಕಡೆ.
ಮೆಟ್ಟಿಲಡಿ, ಕಸಪೊರಕೆಗಳ ಹಿಂದೆ.
ಬಚ್ಚಲ ಬಾಗಿಲಿಗೆ ತಾಗಿ.
ಟಾರ್ಚು ಹಿಡಿದು ಇಳಿದರೆ
ಕಲ್ಲಿದ್ದಲಿನ ನೆಲಮಾಳಿಗೆಯಲ್ಲೂ ಒಂದು,
ಜೊತೆಗೆ ಬೋಗುಣಿಯಷ್ಟು ದೊಡ್ಡ ಗಂಟೆ.
ಎಲ್ಲಕ್ಕೂ ಒಂದೇ ಕೇಬಲ್ಲು,
ಏಳು ಸಲ ಬಳಿದ ಬಿಳಿ ಬಣ್ಣದಡಿ
ಚರ್ಮದ ಕೆಳಗಿನ ನರದ ಹಾಗೆ ಉಬ್ಬಿಕೊಂಡು.

ಬೇಲಿಯಾಚೆಯ ಡೊರೀನಳನ್ನು ಕೇಳಿದೆ.
‘ಓ, ಅದು ಹೆರಾಲ್ಡ್ ಸಗ್ಡೆನ್ ಎಳೆದದ್ದು,
ಒಂದೊಂದು ಭಾನುವಾರ ಒಂದೊಂದು ಕೋಣೆ.
ನೋರಾಳ ಕಿವಿಯನ್ನು ಗಿರಣಿಯ ಮಗ್ಗಗಳು ತಿಂದಿದ್ದವಲ್ಲ,
ಎಲ್ಲಿ ನಿಂತಿದ್ದರೂ ಕೇಳಲಿ ಅಂತ.’
ಕೇಳುತ್ತಿತ್ತೇ?
‘ಇಡೀ ಬೀದಿಗೆ ಕೇಳುತ್ತಿತ್ತು.
ಅವಳು ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತಿದ್ದಳು.’

ಎರಡು ತಿರುಪು ಬಿಚ್ಚಿ
ಮೂಲ ಸಾಕೆಟ್ಟಿನ ಮುಖ ಕಳಚಿದೆ.
ಒಳಗಿನ ಗುಟ್ಟಿನ ತೂತಿಗೆ ರೌಟರು ಚುಚ್ಚಿದರೆ
ಒಂದೂವರೆ ಇದ್ದದ್ದು ಏಳಕ್ಕೆ ಹಾರಿತು.
ಕಳ್ಳ ಮನೆಯೊಳಗೇ.

ಮಾತಿಗೆ ಬೇಕಾದದ್ದು ಎರಡೇ ತಂತಿ,
ಜಡೆಯ ಹಾಗೆ ಒಂದಕ್ಕೊಂದು ಹೊಸೆದುಕೊಂಡು;
ಹೊರಗಿನ ಗದ್ದಲ ಇಬ್ಬರಿಗೂ ಸಮ ಬಿದ್ದು
ಅಲ್ಲಲ್ಲೇ ವಜಾ.
ಮೂರನೆಯದು, ಕಿತ್ತಳೆ ಬಣ್ಣದ್ದು, ಗಂಟೆಗೆಂದು ಇಟ್ಟದ್ದು.
ಈಗಿನ ಫೋನುಗಳು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತವೆ,
ಇದಕ್ಕೆ ಕೆಲಸ ಹೋಗಿದೆ, ಹೋದದ್ದು ಗೊತ್ತಿಲ್ಲ,
ಸುಮ್ಮನೆ ಕಿವಿಗೊಟ್ಟು ನಿಂತಿದೆ.
ಗೋಡೆಗೂ ಕಿವಿ ಎನ್ನುತ್ತಿದ್ದೆವಲ್ಲ,
ಕಣ್ಣಾರೆ ಕಂಡದ್ದು ಇವತ್ತು.
ಫ್ರಿಜ್ಜಿನ ಗೊಣಗಾಟ, ಡೊರೀನಳ ಮಂದ ದೀಪ,
ಕತ್ತಲಾದ ಮೇಲೆ ಆಕಾಶ ಹತ್ತಿ ಬರುವ
ಯಾವುದೋ ದೇಶದ ರೇಡಿಯೋ ಸುದ್ದಿ,
ಎಲ್ಲವನ್ನೂ ಆಯ್ದು ತಂದು
ನನ್ನ ಕುದುರೆಯ ಕಾಲಿಗೆ ಕಟ್ಟುತ್ತದೆ.

ಕತ್ತರಿಸಿಬಿಡಿ ಎಂದಿದ್ದ ಹುಡುಗ.
ಕತ್ತರಿ ತಂದೆ. ಆಗಲಿಲ್ಲ.
ಮೂರನೆಯ ನಂಬರಿನ ಹಲ್ಲಿನಿಂದ ಮೆಲ್ಲಗೆ ಎಳೆದು
ತುದಿ ಮಡಚಿ, ಟೇಪು ಸುತ್ತಿ,
ಅಲ್ಲೇ ಪೆಟ್ಟಿಗೆಯೊಳಗೆ ಮಲಗಿಸಿದೆ.
ಮುಖ ಮುಚ್ಚಿದ ಮೇಲೆ ಆರೂವರೆ.
ಉಳಿದ ಅರ್ಧ ಹೆರಾಲ್ಡನ ಪಾಲು, ಇರಲಿ.

ಮೊಬೈಲಿನಿಂದ ಮನೆಗೇ ಫೋನು ಮಾಡಿ
ನೆಲಮಾಳಿಗೆಗೆ ಇಳಿದು ನಿಂತೆ.
ಮೇಲೆ ಎಲ್ಲೋ ಪೀಪಿ ಊದಿದ ಸದ್ದು.
ಬೋಗುಣಿ ಗಂಟೆ ಮಿಸುಕಲಿಲ್ಲ.
ಗೋಡೆಗೆ ಅಂಗೈ ಇಟ್ಟೆ,
ತಣ್ಣಗಿತ್ತು, ಸ್ವಲ್ಪ ಒದ್ದೆ.

ಆ ರಾತ್ರಿ ಮೂವತ್ತನಾಲ್ಕು ನಡೆ,
ಒಮ್ಮೆಯೂ ಕಣ್ಣು ಕೆಂಪಾಗಲಿಲ್ಲ.
ಒಲೆಯ ಮೇಲೆ ಅನ್ನ ಸೀದಿತ್ತು.
ಮಂತ್ರಿಯನ್ನು ಎಲ್ಲೋ ನೋಡಿಕೊಂಡು ಎಲ್ಲೋ ಇಟ್ಟು
ನೆಟ್ಟಗೆ ಸೋತೆ,
ನನ್ನದೇ ತಪ್ಪಿಗೆ.