ಸಗೋತ್ರ

ಬೈತಖೋಲ ಬಂದರಿನಲ್ಲಿ ನಾನು ಕ್ರೇನ್ ಓಡಿಸುತ್ತೇನೆ,
ಒಂದು ಸಲಕ್ಕೆ ಇಪ್ಪತ್ತು ಟನ್.
ರಾತ್ರಿ ಪಾಳಿ ಮುಗಿಸಿ ಕಾಜುಬಾಗದ ಬಾಡಿಗೆ ಕೋಣೆಗೆ ಬಂದು
ಹೆಬ್ಬೆರಳು ಗಾತ್ರದ ಸಿಲಿಂಡರಿನ ಮುಂದೆ ಕೂತು
ಕೂದಲೆಳೆಗೆ ಹೆದರುತ್ತೇನೆ.

ಹಬೆ ಇಂಜಿನ್ನು. ಅಂಗೈಯಲ್ಲಿ ನಿಲ್ಲಬೇಕು, ಅಷ್ಟೇ.
ಎಂತಕ್ಕೆ ಎಂದು ಕೇಳಿದವರಿಗೆ
ಚಹಾ ಕೊಟ್ಟು ಕಳಿಸಿದ್ದೇನೆ.

ಗುಜರಿಯ ಮಕ್ದೂಮನ ರಾಶಿಯಲ್ಲಿ ಲೋಹಗಳಿಗೆ ಹೆಸರಿಲ್ಲ.
ಸಾಣೆಗೆ ಹಿಡಿದು ಕೇಳಬೇಕು.
ಉಕ್ಕಿನ ಕಿಡಿ ಉದ್ದ, ತುದಿಯಲ್ಲಿ ಒಡೆಯುವ ಸುರುಸುರುಬತ್ತಿ;
ಬೀಡಿನದು ಗಿಡ್ಡ, ಕೆಂಪು, ಬೇಸರಕ್ಕೆ ಉದುರಿದ ಹಾಗೆ.
ಹಿತ್ತಾಳೆ ಏನೂ ಹೇಳುವುದಿಲ್ಲ,
ಬೆರಳಿಗೆ ವಾಸನೆ ಹಚ್ಚಿ ಸುಮ್ಮನಾಗುತ್ತದೆ.

ಶಾಫ್ಟು ಸಿಕ್ಕಿದ್ದು
ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯ ಸತ್ತ ಪ್ರಿಂಟರಿನ ಹೊಟ್ಟೆಯಲ್ಲಿ:
ಎಷ್ಟು ಅರ್ಜಿ, ಎಷ್ಟು ವಾಯಿದೆ ಅದರ ಮೇಲೆ ಜಾರಿತ್ತೋ,
ಕನ್ನಡಿಯಂತೆ ನುಣ್ಣಗಿತ್ತು.

ತಪ್ಪಿದ್ದು ಸಿಲಿಂಡರಿನಲ್ಲಿ.
ಈ ಊರಿನ ಗಾಳಿಗೆ ಸೈಕಲ್ಲು ನಿಂತಲ್ಲೇ ಮುದಿಯಾಗುತ್ತದೆ,
ಬಾಗಿಲ ಕೀಲು ಎರಡು ಮಳೆಗಾಲ ಕಾಣುವುದಿಲ್ಲ.
ಹಾಗೆಂದು ಸ್ಟೇನ್‌ಲೆಸ್ ಹಿಡಿದೆ,
ಸಿಲಿಂಡರಿಗೂ ಅದೇ, ಪಿಸ್ಟನ್ನಿಗೂ ಅದೇ,
ಸಿಗಡಿ ಫ್ಯಾಕ್ಟರಿ ಬಿಸಾಕಿದ ಒಂದೇ ಸರಳಿನ ತುಂಡು.
ಕೋಡಿಬಾಗದ ಲೇತಿನಲ್ಲಿ ಮೂರು ಭಾನುವಾರ.
ಹೊಳೆಯಿತು, ಮದುವೆ ಮನೆಯ ಲೋಟದ ಹಾಗೆ.
ಕೈಯಲ್ಲಿ ತಿರುಗಿಸಿದೆ. ನಲವತ್ತು ಸುತ್ತು.
ಕಿರ್ರೆಂದಿತು.
ನಿಂತಿತು.
ಸುತ್ತಿಗೆಗೂ ಬಗ್ಗಲಿಲ್ಲ.

ಪುರ್ಸು ರಾಯ್ಕರ್ ಅಕ್ಕಸಾಲಿ,
ಎಡಗಣ್ಣಿಗೆ ಪೊರೆ, ಬಲಗಣ್ಣಿಗೆ ಭೂತಗನ್ನಡಿ.
ಹೊರಳಿಸಿ ನೋಡಿ ನಕ್ಕ:
"ಸಗೋತ್ರ ಆಗೋಯ್ತಲ್ಲ ಮಾರಾಯಾ!
ಒಂದೇ ರಕ್ತ, ಉಜ್ಜಿದರೆ ಕಚ್ಚಿಕೊಳ್ಳುತ್ತದೆ.
ಬೇರೆ ಮನೆಯ ಹೆಣ್ಣು ತರಬೇಕು."
ಬೀಡಿಗೆ ಬೀಡು ಆಗುತ್ತದಲ್ಲ ಎಂದೆ.
"ಆಗ್ತದೆ. ಅದು ಸೋದರಮಾವನ ಮಗಳು.
ಒಳಗೇ ಮಸಿಯಿದೆ, ಜಗಳ ಜಾರಿ ಹೋಗ್ತದೆ."

ಕಂಚು ಕೊಟ್ಟದ್ದು ಬಿಚ್ಚಿ ಹಾಕಿದ ಟ್ರಾಲರು,
ಅದರ ಹಿಂಬದಿಯ ಬುಶ್ಶು;
ಕಡಲಿನೊಳಗೇ ಹನ್ನೊಂದು ವರ್ಷ ಸವೆದದ್ದು, ಉಪ್ಪಿಗೆ ಹೊಸದಾಗಿ ಹೆದರಲಾರದು.
ಪಿಸ್ಟನ್ನು, ಬಸ್ಸಿನ ವಾಲ್ವ್ ಗೈಡಿನ ಬೀಡು.
ತುಕ್ಕು ಹಿಡಿಯುತ್ತದೆ, ಗೊತ್ತು.
ಆಡಿಸಿದ ಮೇಲೆ ಎಣ್ಣೆ ಕುಡಿಸಿ ಮಲಗಿಸಬೇಕು,
ಕೂಸಿನ ಹಾಗೆ ಅಲ್ಲ, ಕೆಮ್ಮುವ ಮುದುಕನ ಹಾಗೆ.

ಬಾಯ್ಲರಿಗೆ ಹಿತ್ತಾಳೆ ಇತ್ತು, ಕೈಯಲ್ಲೇ ಇತ್ತು.
ಪುರ್ಸು ತೆಗೆದು ಮೂಲೆಗೆ ಎಸೆದ:
ಬಿಸಿನೀರು ಅದರೊಳಗಿನ ಸತುವನ್ನು ಕದ್ದು ತಿನ್ನುತ್ತದಂತೆ,
ಹೊರಗೆ ಬಣ್ಣ ಹಾಗೇ ಇರುತ್ತದಂತೆ.
ತಾಮ್ರದ ಕೊಳವೆಗೆ ತಾನೇ ಬೆಸುಗೆ ಹಾಕಿದ,
ಬಿಳಿಗಾರ ಚಿಮುಕಿಸಿ, ಬೆಳ್ಳಿ ಹರಿಯುವ ಕ್ಷಣಕ್ಕೆ
ಉಸಿರು ಹಿಡಿದು.
ಬೆಳ್ಳಿಗೆ ಅಂದಿನ ದರ, ತೂಕ ಗುಂಜಿಯಲ್ಲಿ.
ಕೂಲಿ ಬೇಡವೆಂದ.
ಬಾಗಿಲು ದಾಟಿದ ಮೇಲೆ ಕರೆದು, ಬೇಕು ಎಂದ.

ಸ್ಪಿರಿಟ್ ದೀಪಕ್ಕೆ ಮೂರು ನಿಮಿಷ ಓಡಿತು.
ಬೆಂಕಿಪೆಟ್ಟಿಗೆ ಎಳೆಯಲಾರದು. ಅಡ್ಡಿಲ್ಲ.
ಆವತ್ತು ಪಾಳಿಯಲ್ಲಿ ಲಿವರ್ ಮುಟ್ಟಿದಾಗ
ಇಪ್ಪತ್ತು ಟನ್ನಿನ ಕೆಳಗೆಲ್ಲೋ
ಯಾವ ಲೋಹ ಯಾವುದರ ಮೇಲೆ ಜಾರುತ್ತಿದೆಯೆಂದು
ಕೈಗೆ ಕೇಳಿಸಿತು.

ಕಚ್ಚಿಕೊಂಡ ಆ ಸ್ಟೇನ್‌ಲೆಸ್ ಜೋಡಿ ಕಿಟಕಿಯಲ್ಲಿದೆ,
ಕಡಲ ಗಾಳಿಗೆ ಹಾರದಂತೆ
ಪಗಾರದ ಚೀಟಿಗಳ ಮೇಲೆ.
ಒಂದು ಚುಕ್ಕೆ ತುಕ್ಕಿಲ್ಲ.
ಪುರ್ಸು ಬಂದಾಗಲೆಲ್ಲ ಕೈಗೆತ್ತಿಕೊಂಡು ಎಳೆದು ನೋಡುತ್ತಾನೆ.
"ಬಿಟ್ಟಿತಾ?"
ಇಲ್ಲ ಎನ್ನುತ್ತೇನೆ. ಚಹಾ ಇಡುತ್ತೇನೆ.