ಐವತ್ತು ಮೀರಬೇಡ

ನೆವಾಡಾದ ಬಯಲು. ಈಲಿ ಊರಿಗಿನ್ನೂ ಎಪ್ಪತ್ತು ಮೈಲಿ.
ಹಿಂದಿನ ಎಡಗಾಲಿ ಉಸಿರು ಬಿಟ್ಟಿತ್ತು.
ಡಿಕ್ಕಿಯ ತಳದಿಂದ ಎತ್ತಿದೆ:
ಸೈಕಲ್ಲಿನ ದಾಯಾದಿಯಂಥ ತೆಳು ಟೈರು,
ಮೈಮೇಲೆ ಹಳದಿ ಬರಹ: ಐವತ್ತು ಮೀರಬೇಡ.

ಕುರಿ ಲಾರಿ ನಿಲ್ಲಿಸಿ ಇಳಿದಳು ಮೈತೆ ಎಚೆವೆರಿ,
ಬಾಸ್ಕ್ ಕುರುಬರ ಮೊಮ್ಮಗಳು, ಅರವತ್ತು ದಾಟಿದವಳು.
"ಹಿಂದಕ್ಕೆ ಹಾಕ್ಬೇಡ್ವೋ ಅದನ್ನ.
ದೂಡೋದೇ ಹಿಂದಿನ ಜೋಡಿ.
ಒಂದು ಗಿಡ್ಡ, ಒಂದು ಉದ್ದ ಆದ್ರೆ
ನಡುವಿನ ಡಿಫರೆನ್ಷಿಯಲ್ಲು
ಜಗಳ ಬಿಡಿಸ್ತಾನೇ ಕಾದು ಸಾಯುತ್ತೆ."

ಗೇಣು ಹಾಕಿ ಅಳೆದಳು. ನಾಲ್ಕೂ ಒಂದೇ ಅಳತೆ.
ಮುಂದಿನದನ್ನು ಬಿಚ್ಚಿ ಹಿಂದಕ್ಕೆ,
ಗಿಡ್ಡನನ್ನು ಮುಂದಕ್ಕೆ.
ಒಂದು ಪಂಕ್ಚರಿಗೆ ಎರಡು ಸಲ ಜಾಕು.
ಲಾರಿಯೊಳಗೆ ಇನ್ನೂರು ಕುರಿ ಕೆಮ್ಮುತ್ತ ಕಾದವು.

ದುಡ್ಡು ಚಾಚಿದೆ. ಅವಳು ನೋಡಿದ್ದು ಕಾರನ್ನು.
"ಎಷ್ಟು ಕುದುರೆ?"
"ಮುನ್ನೂರ ಐವತ್ತು."
ನಗಲಿಲ್ಲ. ಲಾರಿ ಹತ್ತಿದಳು.

ಹುಲ್ಲಿನ ಟ್ರಕ್ಕು, ಶಾಲೆಯ ಖಾಲಿ ಬಸ್ಸು,
ಮನೆಯನ್ನೇ ಕಾರಿಗೆ ಕಟ್ಟಿ ಎಳೆವ ಮುದಿ ದಂಪತಿ
ಎಲ್ಲರೂ ದಾಟಿದರು ನನ್ನನ್ನು,
ಆ ದಂಪತಿಯಂತೂ ಕೈ ಬೀಸಿ.

ಎಡಕ್ಕೆ ಜಗ್ಗುವ ಸ್ಟೀರಿಂಗು, ಅಂಗೈಯಲ್ಲಿ ಕುರಿಯ ಜಿಡ್ಡು.
ಏಳು ವರ್ಷದಿಂದ ಓಡಾಡುವ ಈ ದಾರಿಯಲ್ಲಿ
ಬೇಲಿಯಾಚೆ ಒಂದು ಸಣ್ಣ ಸ್ಮಶಾನ.
ಹನ್ನೊಂದು ಕಲ್ಲು.
ಎಣಿಸಿ, ಅನುಮಾನ ಬಂದು
ಮತ್ತೊಮ್ಮೆ ಎಣಿಸಿದೆ.